ಕರೆಂಟ್ ಉಳಿಸುವ ಟಿವಿ ಆರಿಸುವುದು ಹೇಗೆ: ಅಳತೆ ಟೇಪಿನಿಂದ ರಿಮೋಟಿನವರೆಗೆ

ಹೊಸ ಟಿವಿ ಬಂದ ಎರಡನೇ ತಿಂಗಳು ಕೇಳಿಬರುವ ದೂರು ಬಹುತೇಕ ಒಂದೇ ಆಗಿರುತ್ತದೆ: “ಐದು ಸ್ಟಾರ್ ನೋಡಿಯೇ ತಂದೆವು, ಆದರೂ ಬಿಲ್ಲು ಏಕೆ ಏರಿತು?” ವಿಚಾರಿಸಿದರೆ ಹಳೆಯದು 32 ಇಂಚಿನದು, ಹೊಸದು 55 ಇಂಚಿನದು, ಅಂಗಡಿಯಲ್ಲಿ ಕಣ್ಣು ಕುಕ್ಕುತ್ತಿದ್ದ ಬೆಳಕಿನಲ್ಲೇ ಅದು ಮನೆಯಲ್ಲೂ ಓಡುತ್ತಿದೆ, ಹಳೆಯದು ಮಲಗುವ ಕೋಣೆ ಸೇರಿ ಅಲ್ಲಿ ಸುಖವಾಗಿದೆ. ಇವರಲ್ಲಿ ಯಾರೂ ಅಜಾಗರೂಕರಲ್ಲ. ಸ್ಟಾರ್ ನೋಡಿದ್ದಾರೆ, ಬೆಲೆ ವಿಚಾರಿಸಿದ್ದಾರೆ, ನೆಂಟರನ್ನೂ ಕೇಳಿದ್ದಾರೆ. ತಪ್ಪಿರುವುದು ಕೆಲಸದ ಕ್ರಮದಲ್ಲಿ. ಮೊದಲು ಇಂಚು ನಿಗದಿಯಾಗಬೇಕು, ಆಮೇಲೆ ಪರದೆಯ ಬಗೆ, ಅದಾದ ಮೇಲೆ ಸ್ಟಾರ್, ಕೊನೆಗೆ ಮನೆಯಲ್ಲಿ ಸೆಟ್ಟಿಂಗ್. ಈ ಕ್ರಮವನ್ನು ತಲೆಕೆಳಗು ಮಾಡಿ ಸ್ಟಾರಿನಿಂದ ಶುರು ಮಾಡಿದವರು ಉಳಿಸುವುದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು.

ಕೆಳಗಿನ ಹಂತಗಳನ್ನು ಅದೇ ಸರದಿಯಲ್ಲಿ ಮಾಡಬೇಕು. ಮೊದಲ ಮೂರು ಹಂತಗಳು ಮುಗಿಯುವ ತನಕ ಅಂಗಡಿಗೆ ಹೋಗದಿರುವುದು ಒಳ್ಳೆಯದು. ಒಳಗೆ ಕಾಲಿಟ್ಟ ಮೇಲೆ ಇಂಚು ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾದ ಉದಾಹರಣೆ ನನಗೆ ಗೊತ್ತಿಲ್ಲ.

ಕೈಯಲ್ಲಿ ಇರಬೇಕಾದವು

ಒಂದು ಅಳತೆ ಟೇಪು, ನಾಲ್ಕಾರು ಹಳೆಯ ದಿನಪತ್ರಿಕೆ, ಅಂಟುಪಟ್ಟಿ, ಹಿಂದಿನ ಒಂದು ವರ್ಷದ ಕರೆಂಟ್ ಬಿಲ್ಲುಗಳು, ಮೊಬೈಲ್. ಪ್ಲಗ್ಗಿಗೆ ಸಿಕ್ಕಿಸಿ ವಾಟ್ ಓದುವ ಸಣ್ಣ ಮೀಟರ್ ಇದ್ದರೆ ಅನುಕೂಲ, ಇಲ್ಲದಿದ್ದರೂ ನಡೆಯುತ್ತದೆ. ಮನೆಯ ಕರೆಂಟ್ ಮೀಟರನ್ನೇ ಅದಕ್ಕೆ ಬಳಸುವ ಉಪಾಯ ಎಂಟನೇ ಹಂತದಲ್ಲಿದೆ.

ಹಂತ 1: ಬಿಲ್ಲು ಓದಿ, ಗಂಟೆ ಎಣಿಸಿ

ಒಂದು ಯೂನಿಟ್ ಎಂದರೆ 1000 ವಾಟಿನ ಸಾಧನವೊಂದು ಒಂದು ಗಂಟೆ ಓಡುವುದು. 100 ವಾಟಿನ ಟಿವಿ ಹತ್ತು ಗಂಟೆ ಓಡಿದರೆ ಒಂದು ಯೂನಿಟ್ ಖರ್ಚಾಗುತ್ತದೆ. ಈ ಒಂದು ಲೆಕ್ಕ ತಲೆಯಲ್ಲಿ ಇದ್ದರೆ ಮುಂದಿನದೆಲ್ಲ ಸಲೀಸು.

ನಿಮ್ಮ ಮನೆಯಲ್ಲಿ ಟಿವಿ ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಎಂಬುದನ್ನು ಊಹಿಸಬೇಡಿ, ಒಂದು ವಾರ ಬರೆದಿಡಿ. “ನಾವು ಎರಡು ಗಂಟೆ ನೋಡುವುದೇ ಹೆಚ್ಚು” ಎನ್ನುವ ಮನೆಯಲ್ಲೂ ಬೆಳಗಿನ ಸುಪ್ರಭಾತ, ಮಧ್ಯಾಹ್ನದ ಸುದ್ದಿ, ಸಂಜೆ ಆರರಿಂದ ಹತ್ತರವರೆಗಿನ ಧಾರಾವಾಹಿಗಳು ಸೇರಿದರೆ ಏಳೆಂಟು ಗಂಟೆಯಾಗಿರುತ್ತದೆ. ಯಾರೂ ನೋಡದೆ ಸುಮ್ಮನೆ ಓಡುವ ಹೊತ್ತನ್ನೂ ಸೇರಿಸಿಕೊಳ್ಳಿ. ಯಾರೂ ನೋಡುತ್ತಿಲ್ಲ ಎಂದು ಮೀಟರ್ ನಿಲ್ಲುವುದಿಲ್ಲ.

ಕರ್ನಾಟಕದಲ್ಲಿ ಗೃಹಜ್ಯೋತಿ ಪಡೆಯುವ ಮನೆಗಳಿಗೆ ಈ ಹಂತದ ಮಹತ್ವ ಬೇರೆಯೇ. 2023ರಿಂದ ಜಾರಿಯಲ್ಲಿರುವ ಈ ಉಚಿತ ವಿದ್ಯುತ್ ಯೋಜನೆಯಲ್ಲಿ 2022-23ರ ನಿಮ್ಮ ಸರಾಸರಿ ಬಳಕೆಯ ಮೇಲೆ ಶೇ. 10ರಷ್ಟು ಸೇರಿಸಿ ಅರ್ಹತೆ ನಿಗದಿಯಾಗಿರುತ್ತದೆ. ತೀರ ಕಡಿಮೆ ಬಳಕೆಯ ಮನೆಗಳಿಗೆ ಶೇಕಡಾವಾರು ಬದಲು 10 ಯೂನಿಟ್ ಸೇರಿಸಲಾಗುತ್ತದೆ. ಅರ್ಹತೆ ಮೀರಿದ ಯೂನಿಟ್ಟಿಗೆ ಹಣ ಕಟ್ಟಬೇಕು, ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಸರಾಸರಿ 180 ಇದ್ದು, 198 ಯೂನಿಟ್ ಅರ್ಹತೆ ಇರುವ ಮನೆಯೊಂದು ಈಗ ತಿಂಗಳಿಗೆ 190 ಯೂನಿಟ್ ಬಳಸುತ್ತಿದೆ ಎಂದಿಟ್ಟುಕೊಳ್ಳಿ. 35 ವಾಟಿನ 32 ಇಂಚು ಹೋಗಿ 110 ವಾಟಿನ 55 ಇಂಚು ಬಂದರೆ, ದಿನಕ್ಕೆ ಆರು ಗಂಟೆಯ ಲೆಕ್ಕದಲ್ಲಿ ತಿಂಗಳಿಗೆ 13.5 ಯೂನಿಟ್ ಹೆಚ್ಚಾಗುತ್ತದೆ. ಬಳಕೆ 203.5ಕ್ಕೆ ಏರುತ್ತದೆ, ಸೊನ್ನೆ ಇದ್ದ ಬಿಲ್ಲು ಸಾವಿರ ರೂಪಾಯಿ ದಾಟುತ್ತದೆ. ಟಿವಿ ತಿಂದದ್ದು 13.5 ಯೂನಿಟ್, ದುಡ್ಡು ಕಟ್ಟಿದ್ದು 203.5ಕ್ಕೆ. ನಿಮ್ಮ ಮನೆಯ ಅತಿ ಹೆಚ್ಚು ಬಳಕೆಯ ತಿಂಗಳು ಯಾವುದು, ಬಹುಶಃ ಏಪ್ರಿಲ್ ಅಥವಾ ಮೇ, ಆ ತಿಂಗಳಲ್ಲಿ 200ಕ್ಕೆ ಎಷ್ಟು ಯೂನಿಟ್ ಬಾಕಿ ಉಳಿಯುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ನೀವು ಕೊಳ್ಳಬಹುದಾದ ಟಿವಿಯ ಮಿತಿ ಅದೇ.

ಹಂತ 2: ಜಾಗ ಅಳೆದು ಇಂಚು ನಿಗದಿ ಮಾಡಿ

ಕರೆಂಟಿನ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದ ನಿರ್ಧಾರ ಬೇರೊಂದಿಲ್ಲ. ಟಿವಿಯ ಇಂಚು ಮೂಲೆಯಿಂದ ಮೂಲೆಗೆ ಅಳೆದ ಉದ್ದ. ಆದರೆ ಕರೆಂಟ್ ಖರ್ಚಾಗುವುದು ಆ ಉದ್ದಕ್ಕಲ್ಲ, ಬೆಳಗಬೇಕಾದ ಇಡೀ ಹರವಿಗೆ. 32 ಇಂಚಿನ ಪರದೆ ಸುಮಾರು 3 ಚದರಡಿ, 43 ಇಂಚಿನದು 5.5 ಚದರಡಿ, 55 ಇಂಚಿನದು 9 ಚದರಡಿ, 65 ಇಂಚಿನದು 12.5 ಚದರಡಿ. 43ರಿಂದ 55ಕ್ಕೆ ಹೋದಾಗ “ಹನ್ನೆರಡು ಇಂಚು ತಾನೇ” ಎನಿಸುತ್ತದೆ; ವಾಸ್ತವದಲ್ಲಿ ಬೆಳಗಬೇಕಾದ ಜಾಗ ಶೇ. 60ಕ್ಕೂ ಹೆಚ್ಚು ದೊಡ್ಡದಾಗಿರುತ್ತದೆ.

ಸೋಫಾದಲ್ಲಿ ಕುಳಿತವರ ಕಣ್ಣಿನಿಂದ ಟಿವಿ ಬರುವ ಗೋಡೆಯವರೆಗೆ ಟೇಪು ಹಿಡಿಯಿರಿ. ಪರದೆಯ ಇಂಚಿನ 1.6 ಪಟ್ಟಿನಿಂದ 2.5 ಪಟ್ಟಿನವರೆಗಿನ ದೂರದಲ್ಲಿ ಕುಳಿತರೆ ನೋಟ ಹಿತವಾಗಿರುತ್ತದೆ ಎಂಬುದು ನಾನು ಅನುಸರಿಸುವ ಲೆಕ್ಕ. ಅದರಂತೆ 32 ಇಂಚಿಗೆ ನಾಲ್ಕೂವರೆಯಿಂದ ಆರೂವರೆ ಅಡಿ, 43ಕ್ಕೆ ಆರರಿಂದ ಒಂಬತ್ತು ಅಡಿ, 55ಕ್ಕೆ ಏಳೂವರೆಯಿಂದ ಹನ್ನೊಂದೂವರೆ ಅಡಿ. ಈ ಪಟ್ಟಿಗಳು ಒಂದರ ಮೇಲೊಂದು ಹರಡಿಕೊಂಡಿರುವುದನ್ನು ಗಮನಿಸಿ. ಎಂಟು ಅಡಿ ದೂರಕ್ಕೆ 43 ಕೂಡ ಸರಿ, 55 ಕೂಡ ಸರಿ. ಎರಡೂ ಸರಿಹೊಂದುವ ಕಡೆ ಚಿಕ್ಕದನ್ನು ಆರಿಸುವುದೇ ಈ ಮಾರ್ಗದರ್ಶಿಯ ಅತಿ ದೊಡ್ಡ ಉಳಿತಾಯ, ಅದಕ್ಕೆ ಯಾವ ಸ್ಟಾರೂ ಬೇಕಾಗಿಲ್ಲ.

ಮನಸ್ಸು ಒಪ್ಪದಿದ್ದರೆ ದಿನಪತ್ರಿಕೆಗಳನ್ನು ಜೋಡಿಸಿ 95 ಸೆಂ.ಮೀ. ಅಗಲ, 54 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ ಗೋಡೆಗೆ ಅಂಟಿಸಿ. ಅದು 43 ಇಂಚು. ಪಕ್ಕದಲ್ಲೇ 122ಕ್ಕೆ 69 ಸೆಂ.ಮೀ. ಅಳತೆಯ 55 ಇಂಚನ್ನೂ ಅಂಟಿಸಿ, ಎರಡು ದಿನ ಹಾಗೆಯೇ ಬಿಡಿ. ನೂರು ಟಿವಿಗಳ ನಡುವೆ, ಎತ್ತರದ ಸೂರಿನ ಕೆಳಗೆ ಪುಟ್ಟದಾಗಿ ಕಂಡ 43 ಇಂಚು ನಿಮ್ಮ ಹಾಲಿನ ಗೋಡೆಯ ಮೇಲೆ ಸಾಕಷ್ಟು ದೊಡ್ಡದಾಗಿಯೇ ಕಾಣುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎದುರಿಗೆ ಕಿಟಕಿ ಇರುವ ಗೋಡೆಗೆ ಟಿವಿ ಹಾಕಿದರೆ ಹಗಲಿನಲ್ಲಿ ಪರದೆ ಹೊಳೆದು ಚಿತ್ರ ಕಾಣುವುದಿಲ್ಲ, ಆಗ ಎಲ್ಲರೂ ಬೆಳಕು ಏರಿಸುತ್ತಾರೆ, ಏರಿಸಿದ್ದನ್ನು ರಾತ್ರಿ ಯಾರೂ ಇಳಿಸುವುದಿಲ್ಲ. ಗೋಡೆ ಬದಲಿಸಲು ಸಾಧ್ಯವಿದ್ದರೆ ಬದಲಿಸಿ, ಇಲ್ಲದಿದ್ದರೆ ದಪ್ಪ ಪರದೆಬಟ್ಟೆಯೊಂದನ್ನು ಹಾಕಿ.

ಹಂತ 3: ಏನು ನೋಡುತ್ತೀರಿ ಎಂಬುದರ ಮೇಲೆ ಪರದೆಯ ಬಗೆ

ಕೇಬಲ್ ಅಥವಾ ಡಿಶ್ ಚಾನೆಲ್‌ಗಳನ್ನೇ ಹೆಚ್ಚಾಗಿ ನೋಡುವ ಮನೆಗೆ 4ಕೆ ಪರದೆಯಿಂದ ದೊಡ್ಡ ಲಾಭವಿಲ್ಲ. ಚಾನೆಲ್ ಕಳಿಸದ ಸೂಕ್ಷ್ಮತೆಯನ್ನು ಟಿವಿ ಸೃಷ್ಟಿಸಲಾರದು. ಅದೇ ಅಳತೆಯಲ್ಲಿ 4ಕೆ ಪರದೆಯ ಚುಕ್ಕೆಗಳು ಹೆಚ್ಚು, ಪ್ರತಿ ಚುಕ್ಕೆಯ ಕಿಂಡಿ ಚಿಕ್ಕದು. ಹಿಂದಿನಿಂದ ಅಷ್ಟೇ ಬೆಳಕು ಹೊರಗೆ ಬರಬೇಕಾದರೆ ಒಳಗಿನ ದೀಪ ಹೆಚ್ಚು ಉರಿಯಬೇಕು. ಆದ್ದರಿಂದ ಸಾಮಾನ್ಯವಾಗಿ ಒಂದೇ ಅಳತೆಯ ಫುಲ್ ಎಚ್‌ಡಿಗಿಂತ 4ಕೆ ಹೆಚ್ಚು ಕರೆಂಟ್ ಎಳೆಯುತ್ತದೆ. 55 ಇಂಚಿನಿಂದ ಮೇಲೆ ಬೇರೆ ಆಯ್ಕೆ ಇಲ್ಲವೆನ್ನಬಹುದು. 43ರಲ್ಲಿ ಇನ್ನೂ ಆಯ್ಕೆ ಇದೆ.

ಅಂಗಡಿಯಲ್ಲಿ ಕೇಳುವ ಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ ಎಂಬವೆಲ್ಲ ಮೂಲತಃ ಒಂದೇ ಜಾತಿ: ಮುಂದೆ ಎಲ್‌ಸಿಡಿ ಗಾಜು, ಹಿಂದೆ ಎಲ್‌ಇಡಿ ದೀಪ. ಇವುಗಳಲ್ಲಿ ಕರೆಂಟ್ ಖರ್ಚು ಹೆಚ್ಚಾಗಿ ಆ ಹಿಂಬದಿ ದೀಪದ್ದೇ, ಅಂದರೆ ಬ್ಯಾಕ್‌ಲೈಟಿನದು. ಒಎಲ್‌ಇಡಿ ಬೇರೆ ಜಾತಿ. ಅದರಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ಕಪ್ಪು ಇರುವಲ್ಲಿ ಪೂರ್ತಿ ಆರಿರುತ್ತದೆ. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವವರಿಗೆ ಅದು ಮಿತವ್ಯಯಿ. ಬಿಳಿ ಹಿನ್ನೆಲೆ, ಕೆಂಪು ಪಟ್ಟಿ, ಮೂಲೆಯಲ್ಲಿ ಕದಲದ ಲಾಂಛನ ಇರುವ ಸುದ್ದಿ ವಾಹಿನಿಯನ್ನು ದಿನವಿಡೀ ಹಚ್ಚಿಡುವ ಮನೆಗೆ ದುಬಾರಿ, ಜೊತೆಗೆ ಆ ಲಾಂಛನದ ಕಲೆ ಪರದೆಯ ಮೇಲೆ ಉಳಿಯುವ ಅಪಾಯವೂ ಇದೆ. ಹೆಚ್ಚಿನ ರಿಫ್ರೆಶ್ ರೇಟ್, ಅಂದರೆ ಸೆಕೆಂಡಿಗೆ ಹೆಚ್ಚು ಸಲ ಚಿತ್ರ ಬದಲಿಸುವ ಸಾಮರ್ಥ್ಯ, ವೇಗದ ಆಟ ಆಡುವ ಮಕ್ಕಳಿರುವ ಮನೆಗೆ ಸರಿ, ಉಳಿದವರು ಅದಕ್ಕೆ ದುಡ್ಡನ್ನೂ ಕರೆಂಟನ್ನೂ ಕೊಡಬೇಕಾಗಿಲ್ಲ.

ಹಂತ 4: ಸ್ಟಾರ್ ಲೇಬಲನ್ನು ಮೇಲಿನಿಂದಲ್ಲ, ಕೆಳಗಿನಿಂದ ಓದಿ

ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆಯಾದ ಬಿಇಇ ಈ ಲೇಬಲ್ ಪದ್ಧತಿಯನ್ನು 2006ರಲ್ಲಿ ಆರಂಭಿಸಿತು. ಎಲ್ಲರ ಕಣ್ಣು ಮೇಲಿನ ಸಾಲು ನಕ್ಷತ್ರಗಳ ಮೇಲೆ ಬೀಳುತ್ತದೆ. ನೀವು ನೋಡಬೇಕಾದದ್ದು ಅದರ ಕೆಳಗಿರುವ ಒಂದು ಅಂಕಿ: ವರ್ಷಕ್ಕೆ ಎಷ್ಟು ಯೂನಿಟ್.

ಸ್ಟಾರ್ ಎನ್ನುವುದು ಪರದೆಯ ಅಳತೆಯನ್ನು ಗಣನೆಗೆ ತೆಗೆದುಕೊಂಡು ಕೊಡುವ ಅಂಕ. 65 ಇಂಚಿನ ಐದು ಸ್ಟಾರ್ ಟಿವಿ 43 ಇಂಚಿನ ಮೂರು ಸ್ಟಾರ್ ಟಿವಿಗಿಂತ ಹೆಚ್ಚು ಕರೆಂಟ್ ಬಳಸಬಹುದು, ಸಾಮಾನ್ಯವಾಗಿ ಬಳಸುತ್ತದೆ ಕೂಡ. ಆದ್ದರಿಂದ ಸ್ಟಾರ್ ಹೋಲಿಕೆ ಒಂದೇ ಅಳತೆಯ ಟಿವಿಗಳ ನಡುವೆ ಮಾತ್ರ. ಬೇರೆ ಬೇರೆ ಅಳತೆಗಳನ್ನು ಹೋಲಿಸುವಾಗ ಯೂನಿಟ್ಟಿನ ಅಂಕಿಯೊಂದೇ ಸಾಕ್ಷಿ.

ಆ ಅಂಕಿ ಹುಟ್ಟುವುದು ದಿನಕ್ಕೆ ಆರು ಗಂಟೆ ಓಟ, ಹದಿನೆಂಟು ಗಂಟೆ ಸ್ಟ್ಯಾಂಡ್‌ಬೈ (ರಿಮೋಟಿನಲ್ಲಿ ಮಾತ್ರ ಆರಿಸಿದ ಸ್ಥಿತಿ) ಎಂಬ ಲೆಕ್ಕದಿಂದ. ನಿಮ್ಮ ಮನೆಯಲ್ಲಿ ಒಂಬತ್ತು ಗಂಟೆ ಓಡುವುದಾದರೆ ಒಂದೂವರೆ ಪಟ್ಟು ಮಾಡಿ, ಮೂರು ಗಂಟೆಯಾದರೆ ಅರ್ಧ ಮಾಡಿ. ಇನ್ನೊಂದು ಉಪಾಯವಿದೆ: ವರ್ಷದ ಯೂನಿಟ್ಟನ್ನು 2.2ರಿಂದ ಭಾಗಿಸಿದರೆ ಆ ಟಿವಿ ಓಡುವಾಗ ಎಳೆಯುವ ವಾಟ್ ಸುಮಾರಾಗಿ ಸಿಗುತ್ತದೆ. ಲೇಬಲಿನಲ್ಲಿ 110 ಇದ್ದರೆ ಅದು 50 ವಾಟಿನ ಟಿವಿ.

ಲೇಬಲಿನ ಅವಧಿಯನ್ನೂ ನೋಡಿ. ಮಾನದಂಡಗಳನ್ನು ಕಾಲಕಾಲಕ್ಕೆ ಬಿಗಿಗೊಳಿಸುವುದರಿಂದ ಹಳೆಯ ಅವಧಿಯ ಐದು ಸ್ಟಾರ್ ಹೊಸ ಅವಧಿಯಲ್ಲಿ ಐದಾಗಿಯೇ ಉಳಿಯಬೇಕೆಂದಿಲ್ಲ. ದೀಪಾವಳಿ, ವರಮಹಾಲಕ್ಷ್ಮಿ ಹಬ್ಬದ ರಿಯಾಯಿತಿಯಲ್ಲಿ ಹೊರಬರುವ ಹಳೆಯ ದಾಸ್ತಾನಿನ ವಿಷಯದಲ್ಲಿ ಇದು ಅಗತ್ಯ. 4ಕೆ ಮಟ್ಟದ ಅಲ್ಟ್ರಾ ಎಚ್‌ಡಿ ಟಿವಿಗಳಿಗೆ ಸ್ಟಾರ್ ಲೇಬಲ್ ಬಂದದ್ದು 2021ರಲ್ಲಿ, ಅದೂ ಸ್ವಯಂಪ್ರೇರಿತವಾಗಿ. ಹೀಗಾಗಿ ಹಳೆಯ ದಾಸ್ತಾನಿನ 4ಕೆ ಟಿವಿಯ ಮೇಲೆ ಲೇಬಲ್ಲೇ ಇಲ್ಲದಿರಬಹುದು. ಲೇಬಲ್ ಇಲ್ಲದ ಟಿವಿಗೆ ಅಂಗಡಿಯವರು ಬಾಯಲ್ಲಿ ಹೇಳುವ ಸ್ಟಾರಿಗೆ ಬೆಲೆಯಿಲ್ಲ. ಬಿಇಇಯ ಸ್ಟಾರ್ ಲೇಬಲ್ ಮೊಬೈಲ್ ಆ್ಯಪಿನಲ್ಲಿ ಮಾದರಿಯನ್ನು ಹುಡುಕಿ ಖಾತ್ರಿ ಮಾಡಿಕೊಳ್ಳಬಹುದು.

ಹಂತ 5: ಸ್ಟಾರಿಗೆ ಎಷ್ಟು ಹೆಚ್ಚು ಕೊಡಬಹುದು ಎಂಬ ಲೆಕ್ಕ

ಒಂದೇ ಅಳತೆಯ ಎರಡು ಟಿವಿಗಳಿವೆ ಎನ್ನಿ. ಒಂದರ ಲೇಬಲಿನಲ್ಲಿ ವರ್ಷಕ್ಕೆ 140 ಯೂನಿಟ್, ಇನ್ನೊಂದರಲ್ಲಿ 100. ವ್ಯತ್ಯಾಸ 40 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ವರ್ಷಕ್ಕೆ 240 ರೂಪಾಯಿ, ಏಳು ವರ್ಷಕ್ಕೆ 1,680 ರೂಪಾಯಿ. ಎರಡನೆಯ ಟಿವಿಗೆ ಸಾವಿರದೈನೂರು ಹೆಚ್ಚು ಕೇಳಿದರೆ ಕೊಡಿ. ನಾಲ್ಕು ಸಾವಿರ ಕೇಳಿದರೆ ಆ ದುಡ್ಡು ಬಿಲ್ಲಿನಲ್ಲಿ ಮರಳಿ ಬರುವುದಿಲ್ಲ. ದಿನಕ್ಕೆ ಹನ್ನೆರಡು ಗಂಟೆ ಓಡುವ ಮನೆಯಾದರೆ ಲೆಕ್ಕ ದುಪ್ಪಟ್ಟಾಗುತ್ತದೆ, ಆಗ ಮೂರು ಸಾವಿರದವರೆಗೆ ಹೋಗಬಹುದು. ಸ್ಟಾರಿನ ಬಗ್ಗೆ ಬರೆಯುವವರು ಈ ಮಾತನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಯೂನಿಟ್ ದರವನ್ನು ನಿಮ್ಮ ಬಿಲ್ಲಿನಿಂದಲೇ ತೆಗೆದುಕೊಳ್ಳಿ. ಬೆಸ್ಕಾಂ ಇರಲಿ, ಹೆಸ್ಕಾಂ, ಮೆಸ್ಕಾಂ ಇರಲಿ, ನಿಗದಿತ ಶುಲ್ಕ ಬಿಟ್ಟು ಯೂನಿಟ್ಟಿಗೆ ಬೀಳುವ ದರವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಗೃಹಜ್ಯೋತಿಯ ಮನೆಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅವರು ನೋಡಬೇಕಾದದ್ದು ಮೊದಲ ಹಂತದಲ್ಲಿ ಬರೆದಿಟ್ಟ ಮಿತಿಯನ್ನು.

ಹಂತ 6: ಅಂಗಡಿಯಲ್ಲಿ ಮಾಡಬೇಕಾದ ತಪಾಸಣೆ

ಬೆಲೆಚೀಟಿಯ ಮೇಲಿನ ಹೆಸರನ್ನು ನಂಬದೆ ಟಿವಿಯ ಬೆನ್ನಿನ ಮೇಲಿನ ಪಟ್ಟಿಯಲ್ಲಿರುವ ಪೂರ್ತಿ ಮಾದರಿ ಸಂಖ್ಯೆಯನ್ನು ಫೋಟೊ ತೆಗೆದುಕೊಳ್ಳಿ. ಕೊನೆಯ ಒಂದೆರಡು ಅಕ್ಷರ ಬದಲಾದರೂ ಅದು ಬೇರೆ ಮಾದರಿ ಆಗಿರಬಹುದು, ಅದರ ಯೂನಿಟ್ ಕೂಡ ಬೇರೆ ಇರಬಹುದು. ಅದೇ ಪಟ್ಟಿಯಲ್ಲಿ ವಾಟ್ ಬರೆದಿರುತ್ತದೆ. ಅದು ಟಿವಿ ಎಳೆಯಬಹುದಾದ ಗರಿಷ್ಠ ವಾಟ್, ದಿನನಿತ್ಯದ ಬಳಕೆಯಲ್ಲ. ಅದನ್ನು ನೋಡಿ ಗಾಬರಿಯಾಗಬೇಡಿ, ಒಂದು ಟಿವಿಯ ಗರಿಷ್ಠವನ್ನು ಇನ್ನೊಂದರ ಲೇಬಲ್ ಅಂಕಿಯೊಂದಿಗೆ ಹೋಲಿಸಲೂಬೇಡಿ.

ವೋಲ್ಟೇಜ್ ಮಿತಿ ಅಲ್ಲಿಯೇ ಇದೆ. 100ರಿಂದ 240 ಎಂದಿದ್ದರೆ ಸಂಜೆ ಹೊತ್ತು ವೋಲ್ಟೇಜ್ ಕುಸಿಯುವ ಹಳ್ಳಿಗಳಲ್ಲೂ ಸಾಮಾನ್ಯವಾಗಿ ಬೇರೆ ಸ್ಟೆಬಿಲೈಜರ್ ಬೇಕಾಗುವುದಿಲ್ಲ. ಸ್ಟೆಬಿಲೈಜರ್ ಕೂಡ ತಾನು ಸುಮ್ಮನಿರುವಾಗ ಕರೆಂಟ್ ತಿನ್ನುವ ಪ್ರಾಣಿ. ವೋಲ್ಟೇಜ್ ದಿಢೀರ್ ಜಿಗಿಯುವ ಕಡೆ ಒಳ್ಳೆಯ ಸ್ಪೈಕ್ ಗಾರ್ಡ್, ಸರಿಯಾದ ಅರ್ಥಿಂಗ್ ಇದ್ದರೆ ಸಾಕು. ಭಾರತೀಯ ಮಾನಕ ಸಂಸ್ಥೆಯಾದ ಬಿಐಎಸ್‌ನ ನೋಂದಣಿ ಗುರುತು ಮತ್ತು ಅದರ ಜೊತೆಗಿನ ಆರ್ ಅಕ್ಷರದಿಂದ ಶುರುವಾಗುವ ಸಂಖ್ಯೆ ಇಲ್ಲದ ಟಿವಿಯನ್ನು ಎಷ್ಟೇ ಅಗ್ಗವಾದರೂ ಮುಟ್ಟಬೇಡಿ.

ಆಮೇಲೆ ರಿಮೋಟ್ ಕೇಳಿ ಪಡೆಯಿರಿ. ಪಿಕ್ಚರ್ ಮೋಡನ್ನು ಸ್ಟ್ಯಾಂಡರ್ಡ್ ಅಥವಾ ಸಿನಿಮಾಕ್ಕೆ ತನ್ನಿ. ಬ್ಯಾಕ್‌ಲೈಟ್ ಇಳಿಸುವ ಆಯ್ಕೆ ಇದೆಯೇ ಎಂದು ನೋಡಿ. ಅಗ್ಗದ ಕೆಲವು ಟಿವಿಗಳಲ್ಲಿ ಇರುವುದಿಲ್ಲ, ಅಂಥದ್ದನ್ನು ಬಿಡುವುದೇ ಮೇಲು. ಪರದೆ ಮಾತ್ರ ಆರಿಸಿ ಧ್ವನಿ ಉಳಿಸಿಕೊಳ್ಳುವ ಆಯ್ಕೆ, ತಾನಾಗಿ ಆರುವ ಟೈಮರ್ ಇವೆಯೇ ಎಂದೂ ಹುಡುಕಿ. ಹೀಗೆ ಮೆನು ತಡಕಾಡುವ ಗಿರಾಕಿಯನ್ನು ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

“ತೆರಿಗೆ ಇಳಿದಿದೆ ಸಾರ್, ದೊಡ್ಡದೇ ತಗೊಳ್ಳಿ” ಎಂಬ ಮಾತು ಈಗ ಎಲ್ಲ ಕಡೆ ಕೇಳುತ್ತದೆ. ಮಾತು ನಿಜ: 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿಯಿತು. ಇಳಿದದ್ದು ಬೆಲೆ ಮಾತ್ರ, ಪರದೆ ತಿನ್ನುವ ಯೂನಿಟ್ ಅಲ್ಲ.

ಹಂತ 7: ಮನೆಗೆ ಬಂದ ದಿನವೇ ಸೆಟ್ಟಿಂಗ್ ಬದಲಿಸಿ

ಆರಿಸಿ ತಂದ ಶ್ರಮವೆಲ್ಲ ನೀರುಪಾಲಾಗುವುದು ಇಲ್ಲಿ. ಟಿವಿ ಅಳವಡಿಸಲು ಬರುವ ಹುಡುಗ ಹತ್ತು ನಿಮಿಷದಲ್ಲಿ ಎಲ್ಲವನ್ನೂ “ಓಕೆ, ಓಕೆ” ಒತ್ತಿ ಹೊರಡುತ್ತಾನೆ. ಅವನ ಪಕ್ಕದಲ್ಲಿ ನಿಂತು ಈ ಸರದಿಯಲ್ಲಿ ಮಾಡಿಸಿ.

ಮೊದಲು, ಆರಂಭದಲ್ಲಿ ಟಿವಿ “ಹೋಮ್” ಅಥವಾ “ಸ್ಟೋರ್” ಎಂದು ಕೇಳುತ್ತದೆ. ಕೆಲವು ಕಂಪನಿಗಳಲ್ಲಿ ಎರಡನೆಯದರ ಹೆಸರು ರಿಟೇಲ್ ಅಥವಾ ಡೆಮೊ. ಹೋಮ್ ಆಯ್ದುಕೊಳ್ಳಿ. ಸ್ಟೋರ್ ಎಂಬುದು ಟ್ಯೂಬ್‌ಲೈಟುಗಳ ಕೆಳಗೆ ಗಿರಾಕಿಯನ್ನು ಸೆಳೆಯಲು ಇರುವ ಬೆಳಕು. ನಾಲ್ಕಾರು ನಿಮಿಷಕ್ಕೊಮ್ಮೆ ಪರದೆಯ ಮೇಲೆ ಟಿವಿಯ ಗುಣಗಾನದ ಪಟ್ಟಿ ತಾನಾಗಿ ಬರುತ್ತಿದ್ದರೆ, ಅಥವಾ ನೀವು ಇಳಿಸಿದ ಬೆಳಕು ಮತ್ತೆ ತಾನೇ ಏರುತ್ತಿದ್ದರೆ, ನಿಮ್ಮ ಟಿವಿ ಸ್ಟೋರ್ ಮೋಡಿನಲ್ಲೇ ಇದೆ ಎಂದರ್ಥ.

ಎರಡನೆಯದು, ವಿವಿಡ್ ಅಥವಾ ಡೈನಾಮಿಕ್ ಎಂಬ ಪಿಕ್ಚರ್ ಮೋಡ್ ಬಿಡಿ. ಸಿನಿಮಾ ಮೋಡಿಗೆ ಹೋದಾಗ ಚಿತ್ರ ಹಳದಿಯಾಗಿ, ಮಂಕಾಗಿ ಕಾಣುತ್ತದೆ, ಮನೆಯವರೆಲ್ಲ ಆಕ್ಷೇಪಿಸುತ್ತಾರೆ. ಮೂರು ದಿನ ತಡೆಯಿರಿ. ಕಣ್ಣು ಹೊಂದಿಕೊಂಡ ಮೇಲೆ ವಿವಿಡ್‌ನಲ್ಲಿ ಮನುಷ್ಯರ ಮುಖ ಬಳಿದ ಸುಣ್ಣದಂತೆ ಕಾಣತೊಡಗುತ್ತದೆ.

ಮೂರನೆಯದರಲ್ಲಿ ಹೆಚ್ಚಿನವರು ಎಡವುತ್ತಾರೆ. ಅನೇಕ ಎಲ್‌ಸಿಡಿ ಟಿವಿಗಳ ಮೆನುವಿನಲ್ಲಿ ಬ್ಯಾಕ್‌ಲೈಟ್ ಮತ್ತು ಬ್ರೈಟ್‌ನೆಸ್ ಎಂಬ ಎರಡು ಬೇರೆ ಆಯ್ಕೆಗಳಿರುತ್ತವೆ. ಕರೆಂಟ್ ಉಳಿಸಲು ಜನ ಬ್ರೈಟ್‌ನೆಸ್ ಇಳಿಸುತ್ತಾರೆ. ಅದು ಕಪ್ಪು ಎಷ್ಟು ಕಪ್ಪಾಗಿರಬೇಕು ಎಂದು ಹೇಳುವ ಆಯ್ಕೆ. ಅದನ್ನು ಇಳಿಸಿದರೆ ನೆರಳಿನ ಭಾಗಗಳು ಕಾಡಿಗೆಯಂತೆ ಮುಚ್ಚಿಹೋಗುತ್ತವೆ, ಹಿಂದಿನ ದೀಪ ಮಾತ್ರ ಮೊದಲಿನಷ್ಟೇ ಉರಿಯುತ್ತಿರುತ್ತದೆ. ಚಿತ್ರವೂ ಕೆಟ್ಟಿತು, ಯೂನಿಟ್ಟೂ ಉಳಿಯಲಿಲ್ಲ. ಇಳಿಸಬೇಕಾದದ್ದು ಬ್ಯಾಕ್‌ಲೈಟನ್ನು. ರಾತ್ರಿ ಒಂದು ದೀಪ ಉರಿಯುವ ಹಾಲಿನಲ್ಲಿ ಅದು ಅರ್ಧಕ್ಕಿಂತ ಕೆಳಗಿದ್ದರೂ ಸಾಕಾಗುತ್ತದೆ. ಸದಾ ಪೂರ್ತಿ ಏರಿಸಿದ ಬ್ಯಾಕ್‌ಲೈಟಿನ ಆಯುಷ್ಯವೂ ಕಡಿಮೆ. ಧ್ವನಿ ಬಂದು ಚಿತ್ರ ಬಾರದೆ ರಿಪೇರಿಗೆ ಬರುವ ಟಿವಿಗಳಲ್ಲಿ ಅನೇಕವಕ್ಕೆ ಸುಟ್ಟಿರುವುದು ಈ ಎಲ್‌ಇಡಿ ಪಟ್ಟಿಯೇ.

ನಾಲ್ಕನೆಯದು, ಕೋಣೆಯ ಬೆಳಕು ನೋಡಿ ತಾನೇ ಏರಿಳಿಯುವ ಸೆನ್ಸರ್ ಇದ್ದರೆ ಚಾಲೂ ಮಾಡಿ. ಐದನೆಯದು, “ಕ್ವಿಕ್ ಸ್ಟಾರ್ಟ್” ಅಥವಾ ಅದೇ ಅರ್ಥದ ಆಯ್ಕೆಯನ್ನು ಆಫ್ ಮಾಡಿ. ಒಳ್ಳೆಯ ಟಿವಿ ಸ್ಟ್ಯಾಂಡ್‌ಬೈಯಲ್ಲಿ ಅರ್ಧ ವಾಟ್ ಆಸುಪಾಸು ಎಳೆಯುತ್ತದೆ. ಕ್ವಿಕ್ ಸ್ಟಾರ್ಟ್ ಇದ್ದಾಗ ಪರದೆಯಷ್ಟೇ ಮಲಗಿ ಒಳಗಿನ ಭಾಗ ಎಚ್ಚರವಾಗಿರುವುದರಿಂದ ಅದು ಹಲವು ಪಟ್ಟು ಏರುತ್ತದೆ. ನೀವು ಪಡೆಯುವುದು ಹತ್ತಿಪ್ಪತ್ತು ಸೆಕೆಂಡಿನ ಉಳಿತಾಯ ಮಾತ್ರ.

ಕೊನೆಯದು ನಮ್ಮ ಮನೆಗಳಿಗೇ ಹೇಳಿಮಾಡಿಸಿದ್ದು. ಬೆಳಿಗ್ಗೆ ಯೂಟ್ಯೂಬಿನಲ್ಲಿ ಸುಪ್ರಭಾತ, ವಿಷ್ಣು ಸಹಸ್ರನಾಮ, ಭಾವಗೀತೆ ಹಚ್ಚಿ ಎಲ್ಲರೂ ಅಡುಗೆಮನೆಯಲ್ಲಿರುತ್ತಾರೆ. ಯಾರೂ ನೋಡದ ದೇವರ ಚಿತ್ರವೊಂದು ಎರಡು ಗಂಟೆ ಪೂರ್ತಿ ಬೆಳಕಿನಲ್ಲಿ ಹಾಲಿನಲ್ಲಿ ನಿಂತಿರುತ್ತದೆ. “ಪಿಕ್ಚರ್ ಆಫ್” ಅಥವಾ “ಸ್ಕ್ರೀನ್ ಆಫ್” ಒತ್ತಿದರೆ ಹಾಡು ಮುಂದುವರಿಯುತ್ತದೆ, ಖರ್ಚಿನ ದೊಡ್ಡ ಪಾಲು ನಿಲ್ಲುತ್ತದೆ.

ಟಿವಿಯ ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಈ ಆಯ್ಕೆಗಳು ಕೆಲವೊಮ್ಮೆ ಹಳೆಯ ಸ್ಥಿತಿಗೆ ಮರಳಿರುತ್ತವೆ. ಚಿತ್ರ ಇದ್ದಕ್ಕಿದ್ದಂತೆ ಪ್ರಖರವಾಗಿ ಕಂಡರೆ ಮೆನು ತೆರೆದು ನೋಡಿ.

ಹಂತ 8: ಮೀಟರಿನ ಕೆಂಪು ದೀಪ ಎಣಿಸಿ ಖಾತ್ರಿ ಮಾಡಿಕೊಳ್ಳಿ

ಕರೆಂಟ್ ಮೀಟರಿನ ಮುಖದ ಮೇಲೆ ಮಿನುಗುವ ಸಣ್ಣ ಕೆಂಪು ದೀಪವಿದೆ. ಅದರ ಹತ್ತಿರ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಬರೆದಿರುತ್ತದೆ. 3200 ಎಂಬುದು ಸಾಮಾನ್ಯವಾಗಿ ಕಾಣುವ ಸಂಖ್ಯೆ, ಬೇರೆಯೂ ಇರಬಹುದು. ಮನೆಯಲ್ಲಿ ಫ್ರಿಜ್, ಫ್ಯಾನ್, ಯುಪಿಎಸ್, ಸೆಟ್‌ಟಾಪ್ ಬಾಕ್ಸ್ ಸೇರಿ ಎಲ್ಲವನ್ನೂ ಆರಿಸಿ. ದೀಪ ಮಿನುಗುವುದು ನಿಂತಿತೇ ಎಂದು ನೋಡಿ. ನಂತರ ಟಿವಿಯೊಂದನ್ನೇ ಹಚ್ಚಿ, ಹತ್ತು ನಿಮಿಷ ಮಿನುಗುಗಳನ್ನು ಎಣಿಸಿ. ಮೀಟರ್ 3200ರದ್ದಾದರೆ ಎಣಿಸಿದ ಸಂಖ್ಯೆಯನ್ನು 1.875ರಿಂದ ಗುಣಿಸಿ, ಬಂದದ್ದೇ ವಾಟ್. 40 ಮಿನುಗು ಎಂದರೆ 75 ವಾಟ್. 1600ರ ಮೀಟರಾದರೆ 3.75ರಿಂದ ಗುಣಿಸಬೇಕು.

ನಮ್ಮ ಮನೆಯ ಮೀಟರ್ ಮೆಟ್ಟಿಲ ಕೆಳಗಿದೆ. ನಾನು ಅಲ್ಲಿ ಮೊಣಕಾಲೂರಿ ಎಣಿಸುತ್ತಿದ್ದೆ, ಒಳಗೆ ಅತ್ತೆಯವರು ನಾನು ಹೇಳಿದಾಗ ಮೋಡ್ ಬದಲಿಸುತ್ತಿದ್ದರು. 43 ಇಂಚಿನ ಟಿವಿ ವಿವಿಡ್‌ನಲ್ಲಿ ಹತ್ತು ನಿಮಿಷಕ್ಕೆ 44 ಸಲ ಮಿನುಗಿಸಿತು, ಸಿನಿಮಾ ಮೋಡಿನಲ್ಲಿ ಬ್ಯಾಕ್‌ಲೈಟ್ ಇಳಿಸಿದ ಮೇಲೆ 27 ಸಲ. ಅಂದರೆ 82 ವಾಟ್ ಇದ್ದದ್ದು 50ಕ್ಕೆ ಬಂತು. ಎರಡನೆಯ ಎಣಿಕೆಯ ನಡುವೆ ಎದುರುಮನೆಯವರು ಬಂದು ಏನು ಕಳೆದುಹೋಯಿತು ಎಂದು ಕೇಳಿದ್ದರಿಂದ ಒಂದು ಸಲ ಮೊದಲಿನಿಂದ ಎಣಿಸಬೇಕಾಯಿತು.

ಇಲ್ಲಿ ಸಿಕ್ಕ ವಾಟನ್ನು ಲೇಬಲಿನಿಂದ ಲೆಕ್ಕ ಹಾಕಿದ ವಾಟಿಗೆ ಹೋಲಿಸಿ. ಹೆಚ್ಚುಕಡಿಮೆ ಸರಿಹೊಂದಿದರೆ ನಿಮ್ಮ ಸೆಟ್ಟಿಂಗ್ ಸರಿ ಇದೆ. ಒಂದೂವರೆ ಪಟ್ಟಿಗಿಂತ ಹೆಚ್ಚು ಬಂದರೆ ಏಳನೇ ಹಂತಕ್ಕೆ ಹಿಂತಿರುಗಿ. ಎಲ್ಲವನ್ನೂ ಆರಿಸಿದ ಮೇಲೂ ದೀಪ ಮಿನುಗುತ್ತಲೇ ಇದ್ದರೆ ಸ್ವಿಚ್ಚಿನಲ್ಲಿ ಆರಿಸಲು ಮರೆತದ್ದು ಯಾವುದೋ ಇದೆ. ಅದೂ ಇಲ್ಲವೆಂದಾದರೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ ವೈರಿಂಗ್ ಪರೀಕ್ಷಿಸಿ, ಆ ಕೆಲಸಕ್ಕೆ ನೀವೇ ಕೈಹಾಕಬೇಡಿ.

ಹಂತ 9: ಟಿವಿಯ ಜೊತೆಗಾರರನ್ನು ಮರೆಯಬೇಡಿ

ಸೆಟ್‌ಟಾಪ್ ಬಾಕ್ಸಿನ ಮೇಲೆ ಕೈಯಿಟ್ಟು ನೋಡಿ. ಟಿವಿ ಆರಿಸಿ ಒಂದು ಗಂಟೆಯಾಗಿದ್ದರೂ ಅದು ಬೆಚ್ಚಗಿರುತ್ತದೆ. ರಿಮೋಟಿನಲ್ಲಿ ಆರಿಸಿದರೂ ಅನೇಕ ಬಾಕ್ಸ್‌ಗಳ ಖರ್ಚು ಹೆಚ್ಚೇನೂ ಇಳಿಯುವುದಿಲ್ಲ. 10 ವಾಟ್ ಎಳೆಯುವ ಬಾಕ್ಸ್ ಹಗಲು ರಾತ್ರಿ ಹಚ್ಚಿಯೇ ಇದ್ದರೆ ವರ್ಷಕ್ಕೆ ಸುಮಾರು 88 ಯೂನಿಟ್. ದಿನಕ್ಕೆ ಆರು ಗಂಟೆ ಓಡುವ 35 ವಾಟಿನ 32 ಇಂಚಿನ ಟಿವಿಯ ವಾರ್ಷಿಕ ಖರ್ಚು 77 ಯೂನಿಟ್. ಸ್ಟಾರಿಗಾಗಿ ತಲೆಕೆಡಿಸಿಕೊಂಡ ಟಿವಿಗಿಂತ, ಸ್ಟಾರನ್ನೇ ಕೇಳದೆ ತಂದ ಡಬ್ಬಿ ಹೆಚ್ಚು ತಿನ್ನುತ್ತಿದೆ.

ಬಾಕ್ಸಿನ ಪ್ಲಗ್ಗನ್ನು ಟಿವಿಯ ಪ್ಲಗ್ಗಿನಿಂದ ಬೇರೆ ಸ್ವಿಚ್ಚಿಗೆ ಹಾಕಿಸಿ, ಅದೂ ಕೈಗೆ ಎಟಕುವ ಎತ್ತರದಲ್ಲಿ. ಟಿವಿಯ ಬೆನ್ನ ಹಿಂದೆ ಅಡಗಿದ ಸ್ವಿಚ್ಚನ್ನು ಯಾರೂ ಆರಿಸುವುದಿಲ್ಲ. ರಾತ್ರಿ ಮಲಗುವಾಗ ಬಾಕ್ಸನ್ನು ಗೋಡೆಯಲ್ಲೇ ಆರಿಸಿ. ಬೆಳಿಗ್ಗೆ ಅದು ಏಳಲು ಒಂದೆರಡು ನಿಮಿಷ ತೆಗೆದುಕೊಳ್ಳುತ್ತದೆ, ಅಷ್ಟೇ ತೊಂದರೆ. ಟಿವಿ ಒಎಲ್‌ಇಡಿ ಆಗಿದ್ದರೆ ಅದನ್ನು ಮಾತ್ರ ದಿನವೂ ಗೋಡೆಯಲ್ಲಿ ಆರಿಸಬೇಡಿ: ರಿಮೋಟಿನಲ್ಲಿ ಆರಿಸಿದ ಮೇಲೆ ಅದು ಪರದೆಯ ಚುಕ್ಕೆಗಳನ್ನು ಸರಿದೂಗಿಸುವ ಕೆಲಸವನ್ನು ಸ್ಟ್ಯಾಂಡ್‌ಬೈಯಲ್ಲಿ ಮಾಡಿಕೊಳ್ಳುತ್ತದೆ, ಅದಕ್ಕೆ ಕರೆಂಟ್ ಬೇಕು. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಸಂಜೆಗಳಲ್ಲಿ ಈ ವಿನಾಯಿತಿ ಇಲ್ಲ; ಯಾವ ಟಿವಿಯಾದರೂ ಪ್ಲಗ್ ಕಿತ್ತಿಡಿ, ಡಿಶ್ಶಿನ ತಂತಿಯನ್ನೂ ಬಿಚ್ಚಿಡಿ.

ಹಂತ 10: ಹಳೆಯ ಟಿವಿಯನ್ನು ಮನೆಯಿಂದ ಕಳಿಸಿ

ಉಳಿತಾಯವನ್ನೆಲ್ಲ ಒಮ್ಮೆಗೇ ಅಳಿಸಿಹಾಕುವ ತಪ್ಪು ಇದು. ಹೊಸ ಟಿವಿ 50 ವಾಟಿನದಾದರೂ, 80 ವಾಟಿನ ಹಳೆಯದು ಮಲಗುವ ಕೋಣೆಯಲ್ಲಿ ದಿನಕ್ಕೆ ಮೂರು ಗಂಟೆ ಓಡಿದರೆ ತಿಂಗಳಿಗೆ ಏಳು ಯೂನಿಟ್ ಹೊಸ ಖರ್ಚು, ಅದಕ್ಕೊಂದು ಎರಡನೇ ಸೆಟ್‌ಟಾಪ್ ಬಾಕ್ಸಿನ ಏಳು ಯೂನಿಟ್ ಬೇರೆ. ಹಳೆಯದು ಚೆನ್ನಾಗಿದ್ದು, ಟಿವಿ ಇಲ್ಲದ ಮನೆಗೆ ಹೋಗುವುದಾದರೆ ಕೊಡಿ. ಇಲ್ಲವಾದರೆ ಎಕ್ಸ್‌ಚೇಂಜಿನಲ್ಲಿ ಸಿಕ್ಕಷ್ಟಕ್ಕೆ ಬಿಟ್ಟುಕೊಡಿ.

ಕೆಟ್ಟುಹೋದ ಟಿವಿಯನ್ನು, ಅದರಲ್ಲೂ ಹಿಂದೆ ಡುಬ್ಬವಿರುವ ಹಳೆಯ ಪಿಕ್ಚರ್ ಟ್ಯೂಬಿನ ಟಿವಿಯನ್ನು ಗುಜರಿಯವರ ತಳ್ಳುಗಾಡಿಗೆ ಹಾಕಬೇಡಿ. ಆ ಗಾಜಿನಲ್ಲಿ ಸೀಸವಿದೆ; ತಾಮ್ರದ ಆಸೆಗೆ ಅದನ್ನು ಒಡೆದ ಜಾಗದ ಮಣ್ಣು ಕೆಡುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ಸಾಮಾನು ಸೇರಬೇಕಾದದ್ದು ನೋಂದಾಯಿತ ಮರುಬಳಕೆದಾರರ ಕೈಗೆ. ಹೊಸ ಟಿವಿಯ ಕಂಪನಿಯ ಗ್ರಾಹಕ ಸೇವೆಗೆ ಕರೆ ಮಾಡಿ ಹಳೆಯದನ್ನು ಒಯ್ಯುವ ವ್ಯವಸ್ಥೆ ಇದೆಯೇ ಎಂದು ಕೇಳಿ. ಈ ಕರೆಯನ್ನು ದುಡ್ಡು ಕಟ್ಟುವ ಮೊದಲೇ ಮಾಡುವುದು ಜಾಣತನ. ಹೊಸದನ್ನು ಇಳಿಸಲು ಬಂದ ಗಾಡಿಯಲ್ಲೇ ಹಳೆಯದು ಹತ್ತಿಹೋದರೆ ಮಲಗುವ ಕೋಣೆಯ ಚರ್ಚೆಗೆ ಅವಕಾಶವೇ ಇರುವುದಿಲ್ಲ.